ಮಣ್ಣಿಗೆ ಎಣ್ಣೆಯ ರುಚಿ ಹತ್ತಿಸುವುದು: ತೈಲ ಬಾವಿಯ ನೀರನ್ನು ಖನಿಜದಿಂದ ತೊಳೆಯುವ ಬಗೆ

ಮುಲ್ತಾನಿ ಮಿಟ್ಟಿ ಹಚ್ಚಿದರೆ ಮುಖದ ಜಿಡ್ಡು ಹೋಗುತ್ತದೆ. ಹಾಗಾದರೆ ಎಣ್ಣೆ ಬೆರೆತ ನೀರಿಗೆ ಅದನ್ನೇ ಹಾಕಿದರೆ ನೀರಿನ ಜಿಡ್ಡೂ ಹೋಗಬೇಕಲ್ವಾ? ನಾನು ಶುರು ಮಾಡಿದ್ದೇ ಹೀಗೆ. ಬೀಕರಿನಲ್ಲಿ ಡಿಸ್ಟಿಲ್ಡ್ ವಾಟರ್‌ಗೆ ಒಂದಿಷ್ಟು ಡೀಸೆಲ್ ಕಲಕಿ, ಎರಡು ಚಮಚ ಬೆಂಟೊನೈಟ್ (ಮುಲ್ತಾನಿ ಮಿಟ್ಟಿಯಂಥದೇ ಜೇಡಿಮಣ್ಣು) ಹಾಕಿದೆ. ಸ್ವಲ್ಪ ಹೊತ್ತಿಗೆ ಬೀಕರ್ ತುಂಬ ರಾಗಿ ಅಂಬಲಿಯಂಥ ಗಂಜಿ. ಎಣ್ಣೆಯ ಪೊರೆ ಮಾತ್ರ ಮೇಲೆ ಹಾಗೇ ತೇಲುತ್ತಿತ್ತು. ಆಮೇಲೆ ನಿಜವಾದ ಬಾವಿಯ ಉಪ್ಪು ನೀರು ಸಿಕ್ಕಿತು. ಅದರಲ್ಲಿ ಅದೇ ಮಣ್ಣು ಉಬ್ಬಲೇ ಇಲ್ಲ, ಮರಳಿನ ಹಾಗೆ ತಳ ಸೇರಿತು. ಎಣ್ಣೆ ಆಗಲೂ ಮೇಲೆಯೇ.

ಮುಖದ ಮೇಲೆ ಮಿಟ್ಟಿ ಒಣಗುತ್ತದೆ. ಒಣಗಿದ ಮಣ್ಣಿಗೆ ಜಿಡ್ಡು ಹೀರಲು ಜಾಗ ಇರುತ್ತದೆ. ನೀರೊಳಗೆ ಬಿದ್ದ ಮಣ್ಣು ಮೊದಲು ನೀರನ್ನೇ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಆಮೇಲೆ ಎಣ್ಣೆಗೆ ಜಾಗ ಎಲ್ಲಿ? ಮಣ್ಣಿಗೆ ನೀರಿನ ಮೇಲಿನ ಆಸೆ ಬಿಡಿಸಿ ಎಣ್ಣೆಯ ರುಚಿ ಹತ್ತಿಸಬೇಕು. ಅದು ಹೇಗೆ ಅನ್ನುವುದನ್ನು ಲ್ಯಾಬ್ ಮಟ್ಟದಿಂದ ಚಿಕ್ಕ ಪ್ಲಾಂಟಿನ ಮಟ್ಟದವರೆಗೆ ಬರೆದಿದ್ದೇನೆ. ಕೆಮಿಕಲ್, ಎನ್ವಿರಾನ್‌ಮೆಂಟಲ್ ಓದುವವರಿಗೆ, ಗುಜರಾತ್, ರಾಜಸ್ಥಾನ, ಗಲ್ಫ್ ಕಡೆ ಫೀಲ್ಡಿನಲ್ಲಿರುವ ನಮ್ಮವರಿಗೆ ಉಪಯೋಗಕ್ಕೆ ಬಂದೀತು.

ರಾಜಸ್ಥಾನದ ಬಾರ್ಮೇರ್ ಜಿಲ್ಲೆ ಮನಸ್ಸಿನಲ್ಲಿ ಇಟ್ಟುಕೊಂಡು ಓದಿ. ಅಲ್ಲಿ 2004ರಲ್ಲಿ ಮಂಗಳಾ ತೈಲ ಕ್ಷೇತ್ರ ಸಿಕ್ಕಿತು, 2009ರಲ್ಲಿ ಎಣ್ಣೆ ತೆಗೆಯಲು ಶುರುವಾಯಿತು. ಅದೇ ಜಿಲ್ಲೆಯಲ್ಲಿ ಬೆಂಟೊನೈಟ್ ಗಣಿಗಳಿವೆ. ಕಪೂರ್ಡಿಯಲ್ಲಿ ಮುಲ್ತಾನಿ ಮಿಟ್ಟಿಯ ನಿಕ್ಷೇಪವೂ ಇದೆ. ರೋಗ, ಮದ್ದು ಎರಡೂ ಒಂದೇ ಊರಲ್ಲಿ ಅಂತ ತಮಾಷೆಗೆ ಹೇಳಬಹುದು. ಆದರೆ ಮದ್ದನ್ನು ಅರೆಯದೆ ಕೊಟ್ಟರೆ ಹತ್ತುವುದಿಲ್ಲ.

ಮೊದಲು ಕೇಳಿ: ಈ ನೀರು ಎಲ್ಲಿಗೆ ಹೋಗಬೇಕು?

ಎಣ್ಣೆಯ ಜೊತೆ ನೆಲದಡಿಯಿಂದ ಬರುವ ನೀರಿಗೆ ಫೀಲ್ಡಿನವರು ಪ್ರೊಡ್ಯೂಸ್ಡ್ ವಾಟರ್ ಅನ್ನುತ್ತಾರೆ. ಬಾವಿಗೆ ವಯಸ್ಸಾದಷ್ಟೂ ಎಣ್ಣೆ ಕಡಿಮೆ, ನೀರು ಜಾಸ್ತಿ. ಹಳೇ ಬಾವಿಯಲ್ಲಿ ಮೇಲೆ ಬರುವುದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇದ್ದರೂ ಆಶ್ಚರ್ಯವಿಲ್ಲ.

ಇದರಲ್ಲಿ ಬಹುಪಾಲು ನೀರನ್ನು ಮತ್ತೆ ಬಾವಿಗೇ ಇಳಿಸುತ್ತಾರೆ. ನಿಮ್ಮದೂ ಹಾಗಿದ್ದರೆ ಈ ಲೇಖನದ ಅರ್ಧ ನಿಮಗೆ ಬೇಡ. ಅಲ್ಲಿ ನೋಡಬೇಕಾದ್ದು ಕಲ್ಲಿನ ರಂಧ್ರ ಕಟ್ಟುವ ಎಣ್ಣೆ ಹನಿ ಮತ್ತು ಕಸ. ಎಣ್ಣೆಯಿಂದ ನೀರಿಗೆ ಕರಗಿ ಬಂದ ಬೆಂಜೀನ್‌ನಂಥ ವಸ್ತುವಿನ ಬಗ್ಗೆ ಕಲ್ಲಿಗೆ ಚಿಂತೆ ಇಲ್ಲ. ನೀರನ್ನು ನೆಲದ ಮೇಲೆ ಬಿಡುವುದಾದರೆ ಕಥೆ ಬೇರೆ. ನಮ್ಮ ದೇಶದಲ್ಲಿ ಕಡಲಿನಲ್ಲಲ್ಲದೆ ನೆಲದ ಮೇಲಿರುವ ತೈಲ ಕ್ಷೇತ್ರಗಳು ಹೊರಗೆ ಬಿಡುವ ನೀರಿನಲ್ಲಿ ಎಣ್ಣೆ, ಗ್ರೀಸ್ ಲೀಟರಿಗೆ 10 ಮಿಲಿಗ್ರಾಂ ದಾಟಬಾರದು, ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕದ ಅಳತೆ) 100 ದಾಟಬಾರದು. ಯುರೋಪಿನ ಉತ್ತರ ಸಮುದ್ರದಲ್ಲಿ ಎಣ್ಣೆಯ ಮಿತಿ 30. ಅಮೆರಿಕದ ಕಡಲ ಬಾವಿಗಳಿಗೆ ತಿಂಗಳ ಸರಾಸರಿ 29, ದಿನದ ಗರಿಷ್ಠ 42. ನಮ್ಮ 10 ಸಾಕಷ್ಟು ಬಿಗಿ. ಆ ಕೊನೆಯ ಇಪ್ಪತ್ತು ಮಿಲಿಗ್ರಾಂ ಇಳಿಸುವ ಜಾಗದಲ್ಲೇ ಖನಿಜಕ್ಕೆ ಕೆಲಸ.

ಸ್ಯಾಂಪಲ್ ಕೆಟ್ಟರೆ ಎಲ್ಲಾ ಕೆಟ್ಟ ಹಾಗೆ

ಪ್ಲಾಸ್ಟಿಕ್ ಬಾಟಲಿ ಬೇಡ, ಎಣ್ಣೆ ಗೋಡೆಗೆ ಅಂಟುತ್ತದೆ. ಗಾಜಿನದೇ ಇರಲಿ. ನಲ್ಲಿಯನ್ನು ಒಂದೆರಡು ನಿಮಿಷ ಹರಿಯಲು ಬಿಟ್ಟು ಹಿಡಿಯಿರಿ. ಅದೇ ನೀರಿನಿಂದ ಬಾಟಲಿ ತೊಳೆದು ಚೆಲ್ಲುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಇಲ್ಲಿ ಅದನ್ನು ಮಾಡಬೇಡಿ. ಪ್ರತಿ ಸಲ ತೊಳೆದಾಗಲೂ ಸ್ವಲ್ಪ ಎಣ್ಣೆ ಗಾಜಿಗೆ ಹತ್ತಿ ಉಳಿಯುತ್ತದೆ, ಫಲಿತಾಂಶ ಸುಮ್ನೆ ಏರುತ್ತದೆ. ಎಣ್ಣೆ ಅಳೆಯುವ ಬಾಟಲಿಗೆ ಆಸಿಡ್ ಹಾಕಿ ಪಿಎಚ್ ಅನ್ನು 2ಕ್ಕಿಂತ ಕೆಳಗೆ ಇಳಿಸಿ. ಅಳೆಯುವಾಗ ಇಡೀ ಬಾಟಲಿಯ ನೀರಿನಿಂದ ಎಣ್ಣೆಯನ್ನು ಹೆಕ್ಸೇನ್ (ಎಣ್ಣೆ ಕರಗಿಸುವ ದ್ರವ) ಹಾಕಿ ಎಳೆದು ತೆಗೆಯಬೇಕು, ಖಾಲಿ ಬಾಟಲಿಯನ್ನೂ ಹೆಕ್ಸೇನಿನಿಂದ ತೊಳೆದು ಅದಕ್ಕೆ ಸೇರಿಸಬೇಕು.

ಬೆಂಜೀನ್, ಟಾಲ್ವಿನ್, ಜೈಲೀನ್ ಅಳೆಯಲು ಬೇರೆ ಚಿಕ್ಕ ಗಾಜಿನ ಶೀಶೆ, ಅಂದರೆ ವಯಲ್. ಒಂದು ಗುಳ್ಳೆಯೂ ಉಳಿಯದಂತೆ ಅಂಚಿನವರೆಗೆ ತುಂಬಿ ಮುಚ್ಚಿ.

ಸಿಒಡಿ ವಿಷಯದಲ್ಲಿ ಒಂದು ಎಚ್ಚರಿಕೆ. ಬಾವಿಯ ನೀರು ಉಪ್ಪು. ಸಿಒಡಿ ಪರೀಕ್ಷೆಯ ಡೈಕ್ರೋಮೇಟ್ ಕ್ಲೋರೈಡನ್ನೂ ತಿನ್ನುತ್ತದೆ. ಲೀಟರಿಗೆ 10,000 ಮಿಲಿಗ್ರಾಂ ಕ್ಲೋರೈಡ್ ಇದ್ದು ತಡೆಯುವ ವ್ಯವಸ್ಥೆ ಇಲ್ಲದಿದ್ದರೆ, ಒಂದು ಹನಿ ಎಣ್ಣೆ ಇಲ್ಲದೆಯೂ ಸುಮಾರು 2,260 ಸಿಒಡಿ ತೋರಿಸಬಹುದು. ಮಿತಿ 100 ಅನ್ನುವುದು ನೆನಪಿರಲಿ! ಮರ್ಕ್ಯುರಿ ಸಲ್ಫೇಟ್ ಹಾಕಿ ತಡೆಯುವ ವಿಧಾನ ಇದೆ. ಆದರೆ ಸಾಮಾನ್ಯವಾಗಿ ಅದು 2,000 ಮಿಲಿಗ್ರಾಂ ಕ್ಲೋರೈಡ್‌ವರೆಗೆ ಮಾತ್ರ ನೆಚ್ಚಬಹುದಾದ್ದು. ಸಾಧ್ಯವಿದ್ದರೆ ಟಿಒಸಿ (ಒಟ್ಟು ಸಾವಯವ ಕಾರ್ಬನ್) ಯಂತ್ರದಲ್ಲಿ ಅಳೆಯಿರಿ, ಅದೇ ವಾಸಿ.

ಇನ್ನೊಂದು ಮಾತು. ಈ ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಬರಬಹುದು. ಮೊದಲು ಕೊಳೆತ ಮೊಟ್ಟೆಯ ವಾಸನೆ, ಜಾಸ್ತಿಯಾದರೆ ವಾಸನೆಯೇ ಗೊತ್ತಾಗುವುದಿಲ್ಲ. ಮೂಗನ್ನು ನಂಬಬೇಡಿ, ಗ್ಯಾಸ್ ಮೀಟರ್ ಸೊಂಟದಲ್ಲಿರಲಿ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು, ಆದ್ದರಿಂದ ಲ್ಯಾಬಿನ ಕೆಲಸವೆಲ್ಲಾ ಆವಿ ಹೊರಗೆಳೆಯುವ ಹುಡ್ ಕೆಳಗೆ.

ತೇಲುವ ಎಣ್ಣೆಗೆ ಮಣ್ಣು ಹಾಳು ಮಾಡಬೇಡಿ

ನೀರಿನಲ್ಲಿರುವ ಎಣ್ಣೆ ಒಂದೇ ಥರ ಇರುವುದಿಲ್ಲ. ದಪ್ಪ ಹನಿ ತಾನಾಗಿ ತೇಲುತ್ತದೆ. ಸಣ್ಣ ಹನಿ ಹಾಲಿನೊಳಗಿನ ಕೊಬ್ಬಿನ ಹಾಗೆ ಬೆರೆತು ನಿಲ್ಲುತ್ತದೆ. ಬೆಂಜೀನ್, ಫಿನಾಲ್, ಆರ್ಗಾನಿಕ್ ಆಸಿಡ್‌ಗಳು ಸಕ್ಕರೆಯಂತೆ ಕರಗಿಯೇ ಹೋಗಿರುತ್ತವೆ. ಹನಿ ತೇಲುವ ವೇಗ ಅದರ ಅಗಲದ ವರ್ಗಕ್ಕೆ ಸರಿಯಾಗಿ ಏರುತ್ತದೆ. ನೀರಿಗಿಂತ ಘನ ಮೀಟರಿಗೆ 150 ಕಿಲೋ ಹಗುರವಾದ ಎಣ್ಣೆಯಲ್ಲಿ 150 ಮೈಕ್ರಾನ್ ಹನಿ ಒಂದು ಮೀಟರ್ ಏರಲು ಸುಮಾರು 9 ನಿಮಿಷ ಸಾಕು. 10 ಮೈಕ್ರಾನ್ ಹನಿಗೆ ಅದೇ ಒಂದು ಮೀಟರ್‌ಗೆ ಹತ್ತಿರ ಹತ್ತಿರ 34 ಗಂಟೆ ಬೇಕು.

ಹಾಗಾಗಿ ದಪ್ಪ ಹನಿಗೆ ಸೆಪರೇಟರ್ ತೊಟ್ಟಿ, ಸಣ್ಣ ಹನಿಗೆ ಗಾಳಿ ಗುಳ್ಳೆ ಬಿಟ್ಟು ತೇಲಿಸುವ ಫ್ಲೋಟೇಶನ್, ಆಮೇಲೆ ಅಕ್ರೋಟ್ ಸಿಪ್ಪೆಯ ಪುಡಿ ತುಂಬಿದ ಫಿಲ್ಟರ್. ಹೌದು, ಅಕ್ರೋಟ್ ಸಿಪ್ಪೆಯೇ. ತೈಲ ಕ್ಷೇತ್ರಗಳಲ್ಲಿ ಅದು ತುಂಬಾ ಬಳಕೆಯಲ್ಲಿದೆ. ಖನಿಜದ ಸರದಿ ಇವೆಲ್ಲ ಮುಗಿದ ಮೇಲೆ. ಕಸ ಗುಡಿಸದೆ ನೆಲ ಒರೆಸಿದರೆ ಒರೆಸುವ ಬಟ್ಟೆ ಹಾಳಾಗುತ್ತದೆ ಅಷ್ಟೇ.

ಮಂಗಳಾದಂಥ ಕಡೆ ಎರಡು ತೊಡಕು ಹೆಚ್ಚು. ಅಲ್ಲಿನ ಕಚ್ಚಾ ಎಣ್ಣೆಯಲ್ಲಿ ಮೇಣ ಜಾಸ್ತಿ. ಗುಜರಾತಿನ ಕರಾವಳಿಯವರೆಗೆ ಹೋಗುವ ಕೊಳವೆಯನ್ನೇ ಬಿಸಿಯಾಗಿ ಇಡಬೇಕಾದಷ್ಟು ಮೇಣ. ನೀರು ತಣ್ಣಗಾದರೆ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಜೊತೆಗೆ ಎಣ್ಣೆ ತಳ್ಳಲು ನೆಲದೊಳಗೆ ಪಾಲಿಮರ್ ಬಿಡುತ್ತಾರೆ. ಅದು ನೀರಿನ ಜೊತೆ ವಾಪಸ್ ಬಂದರೆ ನೀರು ಲೋಳೆ ಲೋಳೆ. ಹನಿ ತೇಲುವುದೂ ನಿಧಾನ, ಮಣ್ಣಿನ ಹಾಸೂ ಬೇಗ ಕಟ್ಟಿಕೊಳ್ಳುತ್ತದೆ.

ಯಾವ ಖನಿಜ?

ಬೆಂಟೊನೈಟಿನೊಳಗೆ ಮಾಂಟ್‌ಮೊರಿಲೊನೈಟ್ ಇರುತ್ತದೆ. ಹಪ್ಪಳ ಅಟ್ಟಿ ಜೋಡಿಸಿಟ್ಟ ಹಾಗೆ ಅದರ ಪದರಗಳು. ಒಂದೊಂದರ ದಪ್ಪ ಸುಮಾರು ಒಂದು ನ್ಯಾನೋಮೀಟರ್. ಪದರಕ್ಕೆ ಋಣ ಚಾರ್ಜ್ ಇರುವುದರಿಂದ ಮಧ್ಯದಲ್ಲಿ ಸೋಡಿಯಂ, ಕ್ಯಾಲ್ಸಿಯಂ ಬಂದು ಕೂರುತ್ತವೆ. ಅವು ತಮ್ಮ ಸುತ್ತ ನೀರನ್ನು ಎಳೆದುಕೊಂಡಿರುತ್ತವೆ. ಆ ಸೋಡಿಯಂ ಎಬ್ಬಿಸಿ ಅಲ್ಲಿ ಉದ್ದ ಬಾಲದ ಧನ ಚಾರ್ಜಿನ ಅಣುವನ್ನು ಕೂರಿಸಿದರೆ ಪದರಗಳ ನಡುವೆ ಎಣ್ಣೆಯಂಥ ಹಾಸು ಸಿದ್ಧವಾಗುತ್ತದೆ. ಅದೇ ಆರ್ಗಾನೋಕ್ಲೇ. ಲ್ಯಾಬಿನಲ್ಲಿ ಇದಕ್ಕೆ ಜಾಸ್ತಿ ಬಳಸುವುದು ಸಿಟ್ಯಾಬ್, ಅಂದರೆ ಹದಿನಾರು ಕಾರ್ಬನ್ ಬಾಲದ ಅಮೋನಿಯಂ ಬ್ರೋಮೈಡ್. ತಲೆಗೆ ಹಚ್ಚುವ ಕಂಡೀಶನರ್ ಡಬ್ಬಿಯ ಹಿಂದೆ ಸೆಟ್ರಿಮೋನಿಯಂ ಅಂತ ಓದಿರುತ್ತೀರಿ, ಅದೇ ಕುಟುಂಬ. ಎಣ್ಣೆಗೂ ಸೀಗೆಕಾಯಿಗೂ ಆಗಿಬರುವುದಿಲ್ಲ ಅಂತ ಗಾದೆ ಇದ್ದರೂ, ಸೀಗೆಕಾಯಿಯ ನೊರೆಯ ಅಣುವಿಗೂ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ನೀರು ಹಿಡಿಯುವ ಗುಣವೇ. ಇಲ್ಲಿ ತಲೆಯನ್ನು ಮಣ್ಣಿಗೆ ಕಟ್ಟಿ ಬಾಲವನ್ನು ಎಣ್ಣೆಗೆ ಬಿಡುತ್ತೇವೆ.

ಜಿಯೋಲೈಟ್ ಅನ್ನುವ ಸಣ್ಣ ರಂಧ್ರಗಳ ಖನಿಜ, ಅದರಲ್ಲೂ ಕ್ಲಿನೋಪ್ಟಿಲೊಲೈಟ್ ಅನ್ನುವ ಬಗೆ, ಗಟ್ಟಿ ಕಾಳಾಗಿ ಸಿಗುತ್ತದೆ. ಕಾಳು ತುಂಬಿ ನೀರು ಹಾಯಿಸುವ ನೆಟ್ಟಗಿನ ಕೊಳಾಯಿ, ಅಂದರೆ ಕಾಲಂನಲ್ಲಿ ನೀರು ಸರಾಗ ಹರಿಯುತ್ತದೆ. ಸಿಟ್ಯಾಬಿನ ಅಣು ಅದರ ಸಣ್ಣ ಕಾಲುವೆಯೊಳಗೆ ನುಗ್ಗಲಾರದು, ಹೊರಮೈಗೆ ಮಾತ್ರ ಹತ್ತುತ್ತದೆ. ಹೀಗಾಗಿ ಆರ್ಗಾನೋಕ್ಲೇಗಿಂತ ಹಿಡಿಯುವ ಶಕ್ತಿ ಕಡಿಮೆ. ಆದರೆ ಅಮೆರಿಕದ ನ್ಯೂ ಮೆಕ್ಸಿಕೊ, ಟೆಕ್ಸಸ್‌ನ ಸಂಶೋಧಕರು ಇದನ್ನು ಪ್ರೊಡ್ಯೂಸ್ಡ್ ವಾಟರ್ ಮೇಲೆಯೇ ಪರೀಕ್ಷಿಸಿ ಒಂದು ಒಳ್ಳೆಯ ಗುಣ ತೋರಿಸಿದರು. ಹಿಡಿದ ಬೆಂಜೀನ್, ಟಾಲ್ವಿನನ್ನು ಗಾಳಿ ಊದಿ ಬಿಡಿಸಬಹುದು, ಮತ್ತೆ ಬಳಸಬಹುದು. ಆರ್ಗಾನೋಕ್ಲೇ, ಜಿಯೋಲೈಟ್ ಎರಡರಲ್ಲೂ ಜೈಲೀನ್ ಚೆನ್ನಾಗಿ ಹತ್ತುತ್ತದೆ, ಟಾಲ್ವಿನ್ ಅದಕ್ಕಿಂತ ಕಡಿಮೆ, ಬೆಂಜೀನ್ ಇನ್ನೂ ಕಡಿಮೆ. ನೀರಲ್ಲಿ ಕರಗಲು ಇಷ್ಟವಿಲ್ಲದ್ದು ಮೊದಲು ಮಣ್ಣಿಗೆ ಹೋಗುತ್ತದೆ. ನೀರಿನಲ್ಲಿ ಹಾಯಾಗಿರುವ ಅಸಿಟಿಕ್ ಆಸಿಡ್‌ನಂಥದ್ದನ್ನು ಈ ಖನಿಜಗಳು ಮುಟ್ಟುವುದೇ ಇಲ್ಲ ಅನ್ನಿ. ಅದಕ್ಕೆ ಬ್ಯಾಕ್ಟೀರಿಯಾ ಬೇಕು. ಇದು ಗೊತ್ತಿಲ್ಲದೆ ‘ಎಣ್ಣೆ ಹೋಯಿತು, ಸಿಒಡಿ ಯಾಕೆ ಇಳಿಯಲಿಲ್ಲ’ ಅಂತ ತಲೆ ಕೆರೆದುಕೊಳ್ಳುವವರು ಬಹಳ.

ಡಯಾಟಮೈಟ್, ಪರ್ಲೈಟ್ ಅನ್ನುವ ಖನಿಜಗಳು ಸೋಸಲು ಚೆನ್ನ. ಕರಗಿದ ಮಾಲಿನ್ಯಕ್ಕೆ ಅವನ್ನು ನೆಚ್ಚಬೇಡಿ.

ಆರ್ಗಾನೋಕ್ಲೇ ಮಾಡುವುದು

ಮೊದಲು ನಿಮ್ಮ ಮಣ್ಣಿನಲ್ಲಿ ಎಷ್ಟು ಕುರ್ಚಿ, ಅಂದರೆ ಧನ ಚಾರ್ಜಿನ ಅಣು ಕೂರುವ ಜಾಗ, ಇವೆ ಅಂತ ಎಣಿಸಿ. ಅದಕ್ಕೆ ಮಿಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣದ ಪರೀಕ್ಷೆ ಇದೆ. 1 ಗ್ರಾಂ ಒಣ ಮಣ್ಣನ್ನು ನೀರಿನಲ್ಲಿ ಚೆನ್ನಾಗಿ ಕಲಕಿ. 0.01 ನಾರ್ಮಲ್ ಸಾಂದ್ರತೆಯ ಬಣ್ಣದ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಪ್ರತಿ ಸಲ ಗಾಜಿನ ಕಡ್ಡಿಯಿಂದ ಒಂದು ಹನಿ ತೆಗೆದು ಫಿಲ್ಟರ್ ಪೇಪರ್ ಮೇಲೆ ಇಡಿ. ಮೊದಮೊದಲು ಕಡು ನೀಲಿ ಚುಕ್ಕೆ, ಸುತ್ತ ಬರೀ ನೀರಿನ ಒದ್ದೆ. ಒಂದು ಹಂತದಲ್ಲಿ ಚುಕ್ಕೆಯ ಸುತ್ತ ತಿಳಿ ನೀಲಿ ಉಂಗುರ ಮೂಡುತ್ತದೆ. ಗಾಬರಿ ಬಿದ್ದು ನಿಲ್ಲಿಸಬೇಡಿ. ಎರಡು ನಿಮಿಷ ಕಲಕಿ ಮತ್ತೆ ಹನಿ ಇಡಿ. ಉಂಗುರ ಮಾಯವಾದರೆ ಮಣ್ಣಿಗೆ ಇನ್ನೂ ಹಸಿವಿದೆ. ಉಳಿದರೆ ಮುಗಿಯಿತು. ಎಷ್ಟು ಮಿಲಿಲೀಟರ್ ಖರ್ಚಾಯಿತೋ ಅದೇ 100 ಗ್ರಾಂಗೆ ಎಷ್ಟು ಮಿಲಿಈಕ್ವಿವಲೆಂಟ್ (ಚಾರ್ಜ್ ಎಣಿಸುವ ಅಳತೆ) ಅನ್ನುವ ಸಂಖ್ಯೆ. 90 ಮಿಲಿಲೀಟರ್ ಹಿಡಿದರೆ 90.

ಆ ಸಂಖ್ಯೆಯನ್ನು 0.364ರಿಂದ ಗುಣಿಸಿ. 100 ಗ್ರಾಂ ಮಣ್ಣಿಗೆ ಬೇಕಾದ ಸಿಟ್ಯಾಬಿನ ತೂಕ ಗ್ರಾಂಗಳಲ್ಲಿ ಬರುತ್ತದೆ. 90 ಇದ್ದರೆ 32.8 ಗ್ರಾಂ. ಲ್ಯಾಬಿಗೆ 10 ಗ್ರಾಂ ಮಣ್ಣು, 3.28 ಗ್ರಾಂ ಸಿಟ್ಯಾಬ್ ಸಾಕು.

10 ಗ್ರಾಂ ಸೋಡಿಯಂ ಬೆಂಟೊನೈಟನ್ನು 500 ಮಿಲಿಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ರಾತ್ರಿಯಿಡೀ ಕಲಕಲು ಬಿಡಿ. ಸಿಟ್ಯಾಬನ್ನು ಬೇರೆಯಾಗಿ ಬಿಸಿ ನೀರಿನಲ್ಲಿ ಕರಗಿಸಿ. ಸುಮಾರು 25 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಹರಳುಗಟ್ಟುತ್ತದೆ, ಚಳಿಗಾಲದ ಬೆಳಿಗ್ಗೆ ಇದು ಮರೆತು ಹೋಗುತ್ತದೆ. ಮಣ್ಣನ್ನು 60 ಡಿಗ್ರಿಗೆ ಬಿಸಿ ಮಾಡಿ ಕಲಕುತ್ತಾ ನಿಧಾನವಾಗಿ ಹೊಯ್ಯಿರಿ. ಲೋಳೆಯಂಥ ಮಣ್ಣು ಕಣ್ಣೆದುರೇ ಮೊಸರೊಡೆದ ಹಾಗೆ ಗರಣೆ ಗರಣೆಯಾಗುತ್ತದೆ. ಅದನ್ನು ನೋಡಲು ಒಂದು ಖುಷಿ. ನಾಲ್ಕು ಗಂಟೆ ಬಿಟ್ಟು ಸೋಸಿ, ತೊಳೆಯಿರಿ. ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟಾಗ ಅದು ಮಸುಕಾಗುವುದು ನಿಲ್ಲುವವರೆಗೆ ತೊಳೆಯಬೇಕು. 60 ಡಿಗ್ರಿಯಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿಯಿರಿ.

ಈಗ ಒಂದು ಚಿಟಿಕೆ ನೀರಿನ ಮೇಲೆ ಉದುರಿಸಿ. ಮೊದಲು ಕ್ಷಣದಲ್ಲಿ ನೆನೆಯುತ್ತಿದ್ದ ಮಣ್ಣು ಈಗ ಒದ್ದೆಯೇ ಆಗದೆ ತೇಲುತ್ತದೆ. ಇನ್ನೊಂದು ಚಿಟಿಕೆಯನ್ನು ಮುಚ್ಚಿದ ಬಾಟಲಿಯಲ್ಲಿ ನೀರಿನ ಜೊತೆ ಕುಲುಕಿ. ನೊರೆ ನಿಂತರೆ ಸಿಟ್ಯಾಬ್ ಬಿಡುತ್ತಿದೆ ಅಂತ. ಲೆಕ್ಕಕ್ಕಿಂತ ಜಾಸ್ತಿ ಹಾಕಿದ್ದೀರಿ ಅಥವಾ ಸರಿಯಾಗಿ ತೊಳೆದಿಲ್ಲ. ಸಿಟ್ಯಾಬ್ ಮೀನಿಗೆ ವಿಷ. ಎಣ್ಣೆ ತೆಗೆದು ಅದನ್ನು ನೀರಿಗೆ ಬಿಟ್ಟರೆ ಏನು ಪ್ರಯೋಜನ?

ಬಾಟಲಿ ಪರೀಕ್ಷೆ

ಒಂದು ಲೀಟರಿನ ಆರು ಗಾಜಿನ ಬಾಟಲಿ ತೆಗೆದುಕೊಳ್ಳಿ. ನಿಮ್ಮದೇ ಫೀಲ್ಡಿನ ನೀರು ತುಂಬಿ. ಉಪ್ಪು, ತುಕ್ಕು ತಡೆಯುವ ರಾಸಾಯನಿಕ, ಎಮಲ್ಶನ್ (ಎಣ್ಣೆ, ನೀರು ಬೆರೆತು ನಿಂತ ಮಿಶ್ರಣ) ಒಡೆಯುವ ರಾಸಾಯನಿಕ ಎಲ್ಲಾ ಇರುವ ನೀರೇ ಬೇಕು. ಡೀಸೆಲ್ ಕಲಕಿದ ನೀರಿನ ಫಲಿತಾಂಶ ಫೀಲ್ಡಿಗೆ ಬಂದಾಗ ಕೈಕೊಡುತ್ತದೆ. ಐದು ಬಾಟಲಿಗೆ 0.5, 1, 2.5, 5, 10 ಗ್ರಾಂ ಆರ್ಗಾನೋಕ್ಲೇ ಮಣ್ಣು. ಆರನೆಯದರಲ್ಲಿ ನೀರು ಮಾತ್ರ, ಮಣ್ಣು ಹಾಕಬೇಡಿ. ಎಲ್ಲವನ್ನೂ ಮುಚ್ಚಿ ಎರಡು ಗಂಟೆ ಕುಲುಕಿಸಿ.

ಮಣ್ಣಿಲ್ಲದ ಆ ಆರನೆಯ ಬಾಟಲಿಯೇ ಮುಖ್ಯ. ಮೊದಮೊದಲು ನಾನು ಅದನ್ನು ಇಡುತ್ತಿರಲಿಲ್ಲ, ತೆರೆದ ಬೀಕರಿನಲ್ಲೇ ಕಲಕುತ್ತಿದ್ದೆ. ಸಾದಾ ಮಣ್ಣೂ ಬೆಂಜೀನನ್ನು ಚೆನ್ನಾಗಿ ಹಿಡಿಯುತ್ತದೆ ಅಂತ ಬೀಗುತ್ತಾ ವರದಿ ಬರೆದೆ. ಹಿರಿಯರೊಬ್ಬರು ಓದಿ ಒಂದೇ ಪ್ರಶ್ನೆ ಕೇಳಿದರು: ‘ಮಣ್ಣು ಹಾಕದೆ ಕಲಕಿ ನೋಡಿದೆಯಾ?’ ನೋಡಿದೆ. ಮಣ್ಣಿಲ್ಲದೆಯೂ ಬೆಂಜೀನ್ ಅಷ್ಟೇ ಇಳಿದಿತ್ತು. ಅದು ಗಾಳಿಗೆ ಹಾರಿ ನನ್ನ ಮೂಗಿಗೇ ಬಂದಿತ್ತು. ಬೆಂಜೀನ್ ಪರೀಕ್ಷೆಗೆ ಅಂಚಿನವರೆಗೆ ತುಂಬಿದ ವಯಲ್‌ಗಳೇ ಸರಿ.

ಮಣ್ಣನ್ನು ಬೇರ್ಪಡಿಸಲು ಫಿಲ್ಟರ್ ಪೇಪರ್ ಬಳಸಬೇಡಿ, ಪೇಪರೇ ಎಣ್ಣೆ ಕುಡಿಯುತ್ತದೆ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರ ತಿರುಗಿಸಿ ಬೇರ್ಪಡಿಸಿ.

ಲೆಕ್ಕ ಸುಲಭ. ಮಣ್ಣಿಲ್ಲದ ಬಾಟಲಿಯಲ್ಲಿ 80 ಮಿಲಿಗ್ರಾಂ ಎಣ್ಣೆ, 2.5 ಗ್ರಾಂ ಮಣ್ಣು ಹಾಕಿದ್ದರಲ್ಲಿ 20 ಉಳಿಯಿತು ಅನ್ನಿ. ಹೋದದ್ದು 60. ಅದನ್ನು 2.5ರಿಂದ ಭಾಗಿಸಿದರೆ ಗ್ರಾಂಗೆ 24 ಮಿಲಿಗ್ರಾಂ.

ಲ್ಯಾಬಿನಿಂದ ಪ್ಲಾಂಟಿಗೆ

ಈ 24 ಹಿಡಿದುಕೊಂಡು ದಿನಕ್ಕೆ 100 ಘನ ಮೀಟರ್ ನೀರಿನ ಲೆಕ್ಕ ಹಾಕಿ. 80ರಿಂದ 20ಕ್ಕೆ ಇಳಿಸಬೇಕಾದರೆ ದಿನಕ್ಕೆ 6 ಕಿಲೋ ಎಣ್ಣೆ ಹಿಡಿಯಬೇಕು. ಅದಕ್ಕೆ 250 ಕಿಲೋ ಮಣ್ಣು. ತಿಂಗಳಿಗೆ ಏಳೂವರೆ ಟನ್! ಇಷ್ಟು ಮಾಡಿಯೂ 10ರ ಮಿತಿ ಮುಟ್ಟಿಲ್ಲ. ಈ ಸಂಖ್ಯೆ ನೋಡಿದ ಮೇಲೆ ಫ್ಲೋಟೇಶನ್‌ಗೆ ದುಡ್ಡು ಕೊಡಲು ಮ್ಯಾನೇಜರ್ ತಕರಾರು ಮಾಡುವುದಿಲ್ಲ.

ಫ್ಲೋಟೇಶನ್ 80ನ್ನು 30ಕ್ಕೆ ಇಳಿಸಿತು ಅಂದುಕೊಳ್ಳಿ. ಈಗ 30ರಿಂದ 8ಕ್ಕೆ ಇಳಿಸಬೇಕು, ದಿನಕ್ಕೆ 2.2 ಕಿಲೋ ಎಣ್ಣೆ. ತೊಟ್ಟಿಯಲ್ಲಿ ಮಣ್ಣು ಹಾಕಿ ಕಲಕಿದರೆ ಎಲ್ಲಾ ಮಣ್ಣೂ ಕೊನೆಗೆ 8 ಮಿಲಿಗ್ರಾಂನ ತೆಳು ನೀರಿನ ಜೊತೆ ಸಮ ಆಗುತ್ತದೆ. ನೀರು ತೆಳುವಾದರೆ ಮಣ್ಣು ಹಿಡಿಯುವುದೂ ಕಡಿಮೆ. ಮೇಲಿನ ಅಳತೆಯನ್ನೇ ನೇರ ಅನುಪಾತದಲ್ಲಿ ಇಳಿಸಿದರೆ ಗ್ರಾಂಗೆ 9.6. ಅಂದರೆ 229 ಕಿಲೋ ಮಣ್ಣು, ಉಳಿತಾಯ ಎಲ್ಲಿ ಬಂತು? ಕಾಲಂನಲ್ಲಿ ಹಾಗಲ್ಲ. ನೀರು ಒಳಗೆ ಬರುವ ತುದಿಯ ಮಣ್ಣಿಗೆ ಸದಾ 30ರ ಗಟ್ಟಿ ನೀರು ಸಿಗುತ್ತದೆ. ಪಂಕ್ತಿಯಲ್ಲಿ ಮೊದಲು ಕೂತವರಿಗೆ ಊಟ ಜಾಸ್ತಿ ಬಡಿಸಿದ ಹಾಗೆ. ಅಲ್ಲಿ ಗ್ರಾಂಗೆ 36 ಹಿಡಿಯುತ್ತದೆ. ಲೆಕ್ಕದ ಪ್ರಕಾರ ದಿನಕ್ಕೆ ಸುಮಾರು 60 ಕಿಲೋ ಸಾಕು. ನಿಜದಲ್ಲಿ ಇದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ, ಆದರೂ ತೊಟ್ಟಿ ಬಿಟ್ಟು ಕಾಲಂ ಹಿಡಿಯಲು ಇಷ್ಟು ಕಾರಣ ಸಾಕು.

ಬರೀ ಆರ್ಗಾನೋಕ್ಲೇ ತುಂಬಬೇಡಿ. ಎಣ್ಣೆ ಕುಡಿದು ಉಬ್ಬಿ ದಾರಿ ಮುಚ್ಚುತ್ತದೆ. ಸುಮಾರು 30 ಪಾಲು ಆರ್ಗಾನೋಕ್ಲೇ, 70 ಪಾಲು ಆಂಥ್ರಸೈಟ್ (ಗಟ್ಟಿ ಕಲ್ಲಿದ್ದಲು) ಕಾಳು ಬೆರೆಸುವುದು ರೂಢಿ. ನೀರು ಹಾಸಿನಲ್ಲಿ 15 ನಿಮಿಷ ಇರಲಿ ಅಂದರೆ ದಿನಕ್ಕೆ 100 ಘನ ಮೀಟರಿಗೆ ಒಂದು ಘನ ಮೀಟರ್ ಹಾಸು ಬೇಕು. ಎರಡು ಕಾಲಂ ಸಾಲಾಗಿ ಇಡಿ. ಮೊದಲನೆಯದರ ಹೊರನೀರನ್ನು ದಿನಾ ಅಳೆಯಿರಿ. ಅಲ್ಲಿ ಎಣ್ಣೆ ಏರಿದರೆ ಎರಡನೆಯದು ಇನ್ನೂ ಕಾಪಾಡುತ್ತಿರುತ್ತದೆ. ಮೊದಲನೆಯದನ್ನು ಖಾಲಿ ಮಾಡಿ ಹೊಸದು ತುಂಬಿ ಸಾಲಿನ ಹಿಂದಕ್ಕೆ ಹಾಕಿ. ಬೆಂಜೀನ್ ಮಿತಿಯೂ ಇದ್ದರೆ ಕೊನೆಯಲ್ಲಿ ಆಕ್ಟಿವೇಟೆಡ್ ಕಾರ್ಬನ್ (ಸಣ್ಣ ರಂಧ್ರಗಳು ತುಂಬಿದ ಇದ್ದಿಲು) ಇರಲಿ. ಆರ್ಗಾನೋಕ್ಲೇ ಮುಂದೆ ನಿಂತು ಎಣ್ಣೆ ತಡೆದರೆ ಕಾರ್ಬನ್ನಿನ ರಂಧ್ರ ಕಟ್ಟದೆ ಹೆಚ್ಚು ದಿನ ಬರುತ್ತದೆ.

ಕೊಳೆ ಹಿಡಿದ ಮಣ್ಣು

ಇದನ್ನು ಯೋಜನೆಯ ಮೊದಲ ದಿನವೇ ಯೋಚಿಸಬೇಕು. ನೀರಿನಲ್ಲಿದ್ದ ಕೊಳೆ ಈಗ ಮಣ್ಣಿಗೆ ಬಂದಿದೆ, ಎಲ್ಲಿಗೂ ಹೋಗಿಲ್ಲ. ಎಣ್ಣೆ ಹಿಡಿದ ಈ ಮಣ್ಣಿಗೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅನ್ವಯಿಸುತ್ತವೆ. ಮುಚ್ಚಳದ ಡ್ರಮ್, ಮೇಲೆ ಲೇಬಲ್, ತಾರೀಖು, ತೂಕ. ಒಂದು ದಾರಿ ಪರವಾನಗಿ ಇರುವ ತ್ಯಾಜ್ಯ ಕೇಂದ್ರ. ಇನ್ನೊಂದು ಸಿಮೆಂಟ್ ಗೂಡು. ಅಲ್ಲಿನ ಉರಿಗೆ ಎಣ್ಣೆ, ಸಿಟ್ಯಾಬ್ ಎರಡೂ ಉರಿದುಹೋಗುತ್ತವೆ, ಮಣ್ಣಿನ ಸಿಲಿಕಾ, ಅಲ್ಯೂಮಿನಾ ಕ್ಲಿಂಕರ್ (ಅರೆದು ಸಿಮೆಂಟ್ ಮಾಡುವ ಉಂಡೆ) ಸೇರುತ್ತವೆ. ಕಳಿಸುವ ಮೊದಲು ರೇಡಿಯೇಶನ್ ಮೀಟರ್ ಹಿಡಿದು ನೋಡಿ. ಬಾವಿಯ ನೀರಿನಲ್ಲಿ ಕೆಲವೊಮ್ಮೆ ರೇಡಿಯಂ ಇರುತ್ತದೆ, ಮಣ್ಣು, ಜಿಯೋಲೈಟ್ ಅದನ್ನೂ ಹಿಡಿದುಕೊಳ್ಳಬಲ್ಲವು.

ಗೇಟಿನ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿ ‘ಸಾರ್, ಇಟ್ಟಿಗೆ ಗೂಡಿಗೆ ಕೊಡಿ, ಸೌದೆ ಉಳಿಯುತ್ತೆ’ ಅಂತ ಯಾರಾದರೂ ಕೇಳಿಯಾರು. ಎಷ್ಟೇ ಪರಿಚಯದವರಾದರೂ ಕೊಡಬೇಡಿ. ಆ ಗೂಡಿನ ಉರಿ ಸಾಲದು, ಹೊಗೆ ಹೋಗುವುದು ಪಕ್ಕದ ಊರಿಗೆ.